ರೊಟ್ಟಿಯ ಪಕ್ಕದ ಹಸಿರು, ಬಿರಿಯಾನಿಯ ಪಕ್ಕದ ಈರುಳ್ಳಿ

ಕಳೆದ ಜನವರಿಯಲ್ಲಿ ಸಂಬಂಧಿಕರ ಮದುವೆಗೆಂದು ನಾವು ಮಂಗಳೂರಿನಿಂದ ಬಸ್ ಹತ್ತಿ ಕಲಬುರಗಿ ಕಡೆಗೆ ಹೋಗಿದ್ದೆವು. ಮದುವೆ ಇದ್ದದ್ದು ಆಳಂದದಲ್ಲಿ. ಆದರೆ ನಮ್ಮವರೊಬ್ಬರು ಜೇವರ್ಗಿಯಲ್ಲಿ ಹದಿನೈದು ವರ್ಷದಿಂದ ಬೇಕರಿ ಇಟ್ಟುಕೊಂಡಿದ್ದಾರೆ. "ಭೀಮಾ ಸೇತುವೆ ದಾಟುವ ಮೊದಲೇ ಇಳಿಯಿರಿ, ಮಧ್ಯಾಹ್ನದ ಊಟ ಇಲ್ಲೇ" ಅಂತ ಫೋನ್ ಮೇಲೆ ಫೋನ್. ಇಳಿದೆವು. ಊಟ ಅವರ ಮನೆ ಮಾಲಕರ ಮನೆಯಲ್ಲಿ ಏರ್ಪಾಡಾಗಿತ್ತು. ಅವರೂ ಮುಸ್ಲಿಮರೇ, ಮನೆಯೊಳಗೆ ದಖ್ನಿ ಉರ್ದು, ಅಂಗಳದಲ್ಲಿ ಕನ್ನಡ.

ಸುಪ್ರಾ ಹಾಸಿ ಬಟ್ಟಲು ಇಟ್ಟರು. ಬಿಸಿ ಜೋಳದ ರೊಟ್ಟಿ, ಬದನೆ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಮಾಂಸದ ಸಾರು ಇತ್ತು, ಆದರೆ ಅದು ನಡುವೆ ಇರಲಿಲ್ಲ. ನಡುವೆ ಇದ್ದದ್ದು ಒಂದು ಬುಟ್ಟಿ. ಅದರ ತುಂಬ ಹಸಿ ಮೆಂತೆ ಸೊಪ್ಪು, ಹತ್ತರಕಿ, ಉಳ್ಳಾಗಡ್ಡಿ ತಪ್ಪಲು, ಎಲೆ ಸಮೇತ ಮೂಲಂಗಿ, ಗಜ್ಜರಿ, ಸೌತೆಕಾಯಿ, ಹೋಳು ಮಾಡಿದ ನಿಂಬೆ. ಬೇಯಿಸಿದ್ದಲ್ಲ, ತೊಳೆದು ಹಾಗೇ ಇಟ್ಟದ್ದು. ನಮ್ಮ ಜೊತೆಗಿದ್ದ ಹುಡುಗನೊಬ್ಬ ಬ್ಯಾರಿಯಲ್ಲಿ ಮೆಲ್ಲಗೆ, "ನಾವೇನು ಆಡುಗಳಾ?" ಅಂತ ಕೇಳಿದ. ಭಾಷೆ ತಿಳಿಯದಿದ್ದರೂ ಅವನ ಮುಖ ನೋಡಿ ಮನೆಯ ಆಪಾ ನಕ್ಕುಬಿಟ್ಟರು. "ತಿನ್ರಿ, ಹಸೀದೇ ತಿನ್ರಿ. ಇದು ಇಲ್ಲಂದ್ರ ರೊಟ್ಟಿ ಗಂಟಲಾಗ ಇಳಿಯಂಗಿಲ್ರಿ."

ಇನ್ನೊಂದು ತಮಾಷೆಯೂ ನಡೆಯಿತು. "ಪುಂಡಿ ಹಾಕ್ಲಾ?" ಎಂದು ಕೇಳಿದಾಗ ನಮ್ಮವರೆಲ್ಲ ಉತ್ಸಾಹದಿಂದ ಹೂಂ ಎಂದರು. ನಮಗೆ ಪುಂಡಿ ಎಂದರೆ ಅಕ್ಕಿಯ ಉಂಡೆ, ಮನೆಯಲ್ಲಿ ನಾವು ಪಿಂಡಿ ಅನ್ನುವುದು. ಬಟ್ಟಲಿಗೆ ಬಿದ್ದದ್ದು ಕಡು ಹಸಿರಿನ, ಹುಳಿ ಹುಳಿಯಾದ ಸೊಪ್ಪಿನ ಪಲ್ಯ, ನುಚ್ಚು ಮತ್ತು ಬೇಳೆ ಹಾಕಿ ಬೇಯಿಸಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟದ್ದು. ಆಪಾ ಉರ್ದುವಿನಲ್ಲಿ ಅದನ್ನೇ ಅಂಬಾಡೆ ಕಿ ಭಾಜಿ ಅಂದರು. ಒಂದೇ ರಾಜ್ಯ, ಒಂದೇ ಪದ. ನಮ್ಮಲ್ಲಿ ಅದು ಹಿಟ್ಟು, ಅವರಲ್ಲಿ ಸೊಪ್ಪು.

ಈ ಲೇಖನ ಹುಟ್ಟಿದ್ದು ಆ ಬುಟ್ಟಿಯಿಂದ. ನಮ್ಮ ಕರಾವಳಿಯಲ್ಲಿ ಬೀಳುವ ಮಳೆಯ ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ಮಾತ್ರ ಬೀಳುವ ನೆಲದಲ್ಲಿ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ, ಊಟದ ನಡುವೆ ಹಸಿರು ಇದೆ. ಹಿತ್ತಿಲಿಗೆ ಕಾಲಿಟ್ಟರೆ ನುಗ್ಗೆ, ಬಸಳೆ, ಪಪ್ಪಾಯಿ, ಪೇರಳೆ, ಹಲಸು ಸಿಗುವ ನಮ್ಮ ಊಟದಲ್ಲಿ ಹಸಿರು ಎಲ್ಲಿದೆ? ಬಿರಿಯಾನಿಯ ಪಕ್ಕದಲ್ಲಿ ಮೊಸರಿನಲ್ಲಿ ಮುಳುಗಿದ ನಾಲ್ಕು ಎಳೆ ಈರುಳ್ಳಿ. ಅದನ್ನೂ ಅರ್ಧ ಜನ ಬಟ್ಟಲ ಅಂಚಿಗೆ ಸರಿಸುತ್ತಾರೆ. ಮೀನು ಸಾರು, ಕುಚ್ಚಲಕ್ಕಿ ಅನ್ನ, ರಾತ್ರಿ ಪತ್ತಿರಿ ಮತ್ತು ಕೋಳಿ. ತರಕಾರಿ ಎಂದರೆ ನಮ್ಮ ಎಷ್ಟೋ ಮನೆಗಳಲ್ಲಿ ಇವತ್ತಿಗೂ "ಮೀನು ಸಿಗದ ದಿನದ ಊಟ".

ಇದು ರುಚಿಯ ಜಗಳ ಅಲ್ಲ. ನಮ್ಮ ಮನೆಗಳಲ್ಲಿ ಶುಗರ್, ಬಿಪಿ, ಮೊಣಕಾಲು ನೋವು, ಹೃದಯದ ಸ್ಟೆಂಟ್ ಈಗ ಮಾತುಕತೆಯ ಮಾಮೂಲಿ ವಿಷಯಗಳು. ಐವತ್ತು ದಾಟಿದ ನಾಲ್ವರು ಕೂತರೆ ಮೂವರ ಜೇಬಿನಲ್ಲಿ ಮಾತ್ರೆಯ ಪಟ್ಟಿ ಇರುತ್ತದೆ. ಈ ಕಾಯಿಲೆಗಳಲ್ಲಿ ಹಲವಕ್ಕೆ ಒಳಗಿನಿಂದ ಗಾಳಿ ಹಾಕುವ ಒಂದು ಸಮಾನ ಸಂಗತಿ ಇದೆ. ವೈದ್ಯರು ಅದನ್ನು ಉರಿಯೂತ ಎನ್ನುತ್ತಾರೆ.

ಉರಿಯೂತ ಸ್ವತಃ ಕೆಟ್ಟದ್ದಲ್ಲ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಳ್ಳುತ್ತದಲ್ಲ, ಅದು ದೇಹದ ಕಾವಲುಗಾರರು ಓಡಿ ಬಂದ ಗುರುತು. ಕೆಲಸ ಮುಗಿಸಿ ಅವರು ಹೋಗುತ್ತಾರೆ, ಊತ ಇಳಿಯುತ್ತದೆ. ತೊಂದರೆ ಇರುವುದು ಹೋಗದೇ ಉಳಿಯುವ ಉರಿಯೂತದಲ್ಲಿ. ಹೊಟ್ಟೆಯೊಳಗಿನ ಕೊಬ್ಬು, ಹೊಗೆಸೊಪ್ಪು, ನಿದ್ದೆಗೇಡು, ಸಕ್ಕರೆ ಮತ್ತು ಕರಿದ ತಿಂಡಿ, ಕೂತಲ್ಲೇ ಕೂರುವ ದಿನಚರಿ ಇವೆಲ್ಲ ಸೇರಿ ಮೈಯೊಳಗೆ ಬೂದಿ ಮುಚ್ಚಿದ ಕೆಂಡದ ಹಾಗೆ ಒಂದು ಸಣ್ಣ ಬೆಂಕಿಯನ್ನು ವರ್ಷಗಟ್ಟಲೆ ಉಳಿಸುತ್ತವೆ. ಹೊರಗೆ ನೋವಿಲ್ಲ, ಜ್ವರವಿಲ್ಲ. ಒಳಗೆ ರಕ್ತನಾಳದ ಗೋಡೆ ಹಾಳಾಗುತ್ತದೆ, ಇನ್ಸುಲಿನ್ ಮಾತು ಜೀವಕೋಶಗಳಿಗೆ ಕೇಳದಂತಾಗುತ್ತದೆ. ಲ್ಯಾಬ್ ವರದಿಯಲ್ಲಿ ಸಿಆರ್‌ಪಿ ಎಂಬ ಮೂರಕ್ಷರ ನೀವು ನೋಡಿರಬಹುದು. ಅದು ಈ ಬೆಂಕಿ ಇದ್ದಾಗ ಪಿತ್ತಜನಕಾಂಗ ರಕ್ತಕ್ಕೆ ಬಿಡುವ ಪ್ರೋಟೀನ್. ಹಣ್ಣು, ತರಕಾರಿ ಹೆಚ್ಚು ತಿನ್ನುವವರಲ್ಲಿ ಇದರ ಮಟ್ಟ ಸಾಮಾನ್ಯವಾಗಿ ಕಡಿಮೆ ಇರುವುದನ್ನು ಬೇರೆ ಬೇರೆ ದೇಶಗಳ ಅಧ್ಯಯನಗಳು ಮತ್ತೆ ಮತ್ತೆ ಕಂಡಿವೆ.

ಸೊಪ್ಪು ಇದನ್ನು ಹೇಗೆ ಮಾಡುತ್ತದೆ? ನಮ್ಮಲ್ಲಿ ಹೆಚ್ಚಿನವರು ವಿಟಮಿನ್ ಅಂದುಬಿಡುತ್ತಾರೆ. ಅದು ಅರ್ಧ ಉತ್ತರ. ಇನ್ನರ್ಧ ನಾರು. ನಾರನ್ನು ನಮ್ಮ ಹೊಟ್ಟೆ ಜೀರ್ಣಿಸಲಾರದು, ಅದು ಹಾಗೇ ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಕಾದಿರುತ್ತವೆ, ಅವುಗಳಿಗೆ ಇದೇ ಊಟ. ತಿಂದು ಅವು ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ಬಿಡುತ್ತವೆ. ಆ ಆಮ್ಲ ಕರುಳಿನ ಒಳಗೋಡೆಗೆ ಆಹಾರ, ಗೋಡೆ ಬಿಗಿಯಾಗಿರಲು ಬೇಕು. ಗೋಡೆಯ ಆಚೆಗೇ ದೇಹದ ರೋಗನಿರೋಧಕ ಕೋಶಗಳ ದೊಡ್ಡ ಪಾಳೆಯ ಇರುವುದು. ಯಾವುದಕ್ಕೆ ಏಳಬೇಕು, ಯಾವುದಕ್ಕೆ ಸುಮ್ಮನಿರಬೇಕು ಎಂಬ ಸಂದೇಶ ಆ ಕೋಶಗಳಿಗೆ ಹೋಗುವುದರಲ್ಲಿ ಈ ಆಮ್ಲಗಳ ಪಾತ್ರವಿದೆ. ನಾರು ಸಿಗದ ಸೂಕ್ಷ್ಮಜೀವಿಗಳಲ್ಲಿ ಕೆಲವು ಕರುಳಿನ ಲೋಳೆಯ ಪದರವನ್ನೇ ಮೇಯಲು ಹೊರಡುತ್ತವೆ. ಅನ್ನ ಮತ್ತು ಕೋಳಿ ಮಾತ್ರ ತಿಂದು ಎದ್ದ ದಿನ ನಾವು ನಮ್ಮ ಹೊಟ್ಟೆ ತುಂಬಿಸಿರುತ್ತೇವೆ, ಒಳಗಿರುವ ಅತಿಥಿಗಳನ್ನು ಉಪವಾಸ ಕೆಡವಿರುತ್ತೇವೆ.

ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2012ರಲ್ಲಿ ಪ್ರಕಟವಾಯಿತು. 65ರಿಂದ 85 ವರ್ಷದ ಎಂಬತ್ತಕ್ಕೂ ಹೆಚ್ಚು ಹಿರಿಯರು. ಅವರೆಲ್ಲ ಹಣ್ಣು ತರಕಾರಿ ಕಡಿಮೆ ತಿನ್ನುತ್ತಿದ್ದವರು, ಅಂದರೆ ದಿನಕ್ಕೆ ಎರಡು ಪಾಲು ಅಥವಾ ಅದಕ್ಕಿಂತ ಕಡಿಮೆ. ಅರ್ಧದಷ್ಟು ಜನರನ್ನು ಹಾಗೇ ಬಿಟ್ಟರು, ಉಳಿದವರಿಗೆ 16 ವಾರ ದಿನಕ್ಕೆ ಐದು ಪಾಲು ತಿನ್ನಿಸಿದರು. ನಡುವೆ ಎಲ್ಲರಿಗೂ ನ್ಯುಮೋನಿಯ ತಡೆಯುವ ಲಸಿಕೆ ಮತ್ತು ಟೆಟನಸ್ ಲಸಿಕೆ ಕೊಟ್ಟರು. ಐದು ಪಾಲು ತಿಂದವರ ದೇಹ ನ್ಯುಮೋನಿಯ ಲಸಿಕೆಗೆ ಹೆಚ್ಚು ಪ್ರತಿಕಾಯ ತಯಾರಿಸಿತು. ಟೆಟನಸ್ ಲಸಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ನಮಗೆ ಈ ಪ್ರಯೋಗ ಇಷ್ಟವಾಗುವುದು ಅದರ ಪ್ರಾಮಾಣಿಕತೆಗೆ. ಸೊಪ್ಪು ತಿಂದರೆ ಎಲ್ಲ ರೋಗ ಓಡುತ್ತದೆ ಎಂದು ಅದು ಹೇಳುವುದಿಲ್ಲ. ಲಸಿಕೆ ಬಿಟ್ಟು ಸೊಪ್ಪು ತಿನ್ನಿ ಎಂದಂತೂ ಹೇಳುವುದೇ ಇಲ್ಲ. ಲಸಿಕೆ ಹಾಕಿಸಿಕೊಂಡ ದೇಹಕ್ಕೂ ಕೆಲಸ ಮಾಡಲು ಸಾಮಾನು ಬೇಕು, ಆ ಸಾಮಾನು ಅಡುಗೆಮನೆಯಿಂದ ಬರುತ್ತದೆ ಎನ್ನುತ್ತದೆ.

ರೋಗನಿರೋಧಕ ಶಕ್ತಿ ಎಂಬ ಮಾತು ನಮ್ಮ ಮನೆಗಳಿಗೆ ಜೋರಾಗಿ ನುಗ್ಗಿದ್ದು 2020ರಲ್ಲಿ. ನೆನಪಿರಬಹುದು, ದೇಶದ ಮೊದಲ ಕೊರೋನ ಸಾವು ದಾಖಲಾದದ್ದು ಇದೇ ಕಲಬುರಗಿಯಲ್ಲಿ. ಸೌದಿಯಿಂದ ಮರಳಿದ್ದ 76 ವರ್ಷದ ಹಿರಿಯರೊಬ್ಬರು ಮಾರ್ಚ್‌ನಲ್ಲಿ ತೀರಿಕೊಂಡರು. ಆ ಭಯದಲ್ಲಿ ನಾವು ಏನೆಲ್ಲ ಕೊಂಡೆವು! ನಮ್ಮ ಮನೆಯ ಫ್ರಿಜ್ಜಿನ ಮೇಲೆ ಮೂರು ಬಗೆಯ ಮಾತ್ರೆ, ಒಂದು ಕಷಾಯದ ಬಾಟಲಿ, ಡಬ್ಬದಲ್ಲಿ ಯಾವುದೋ ಪುಡಿ. ವಾಟ್ಸ್ಆ್ಯಪ್‌ನಲ್ಲಿ ಬಂದದ್ದೆಲ್ಲ ಮನೆಗೆ ಬಂತು. ಅದೇ ವಾರ ಹಿತ್ತಿಲಿನ ಪೇರಳೆ ಮರದಡಿ ಹಣ್ಣು ಬಿದ್ದು ಕೊಳೆಯುತ್ತಿತ್ತು, ಬಾವಲಿ ತಿಂದು ಉಳಿಸಿದ್ದನ್ನು ಗುಡಿಸಿ ಹೊರಹಾಕುತ್ತಿದ್ದೆವು. ನೂರು ಗ್ರಾಂ ಪೇರಳೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾದದ್ದು ಅದರ ಅರ್ಧದಷ್ಟೂ ಇಲ್ಲ. ರೋಗಿಯನ್ನು ನೋಡಲು ಹೋಗುವಾಗ ನಾವು ಮರ್ಯಾದೆಗೆಂದು ಕೊಂಡೊಯ್ಯುವ, ಸ್ಟಿಕ್ಕರ್ ಅಂಟಿಸಿದ ವಿದೇಶಿ ಸೇಬಿನಲ್ಲಿ ಅದು ನೂರು ಗ್ರಾಮಿಗೆ ನಾಲ್ಕೈದು ಮಿಲಿಗ್ರಾಂ ಮಾತ್ರ. ಸೇಬಿನಲ್ಲಿ ನಾರಿದೆ, ಅದು ಕೆಟ್ಟ ಹಣ್ಣಲ್ಲ. ಆದರೆ ಪೇರಳೆ ಕೊಂಡೊಯ್ದರೆ ಜನ ಏನಂದುಕೊಂಡಾರು ಎಂಬ ನಮ್ಮ ಸಂಕೋಚಕ್ಕೆ ಏನು ಮದ್ದು?

ಮಾತ್ರೆಯ ವಿಷಯದಲ್ಲಿ ಒಂದು ಕಹಿ ಪಾಠ ಫಿನ್ಲೆಂಡಿನಿಂದ ಇದೆ. ಕ್ಯಾರೆಟ್, ಸೊಪ್ಪು ತಿನ್ನುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂದು ಕಂಡು, ಅದರಲ್ಲಿರುವ ಬೀಟಾ ಕ್ಯಾರೊಟಿನ್ ಅನ್ನೇ ಬೇರ್ಪಡಿಸಿ ಮಾತ್ರೆ ಮಾಡಿ 29,000ಕ್ಕೂ ಹೆಚ್ಚು ಧೂಮಪಾನಿ ಗಂಡಸರ ಮೇಲೆ ಪರೀಕ್ಷೆ ಮಾಡಿದರು. 1994ರಲ್ಲಿ ಫಲಿತಾಂಶ ಬಂದಾಗ ಎಲ್ಲರೂ ದಂಗಾದರು. ಆ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಗಿತ್ತು. ಸೊಪ್ಪಿನಲ್ಲಿ ನೂರಾರು ವಸ್ತುಗಳು ಒಟ್ಟಿಗೆ ಇರುತ್ತವೆ. ಒಂದನ್ನು ಹೆಕ್ಕಿ ಬಾಟಲಿಗೆ ತುಂಬಿದರೆ ಅದು ಸೊಪ್ಪಾಗುವುದಿಲ್ಲ. ವೈದ್ಯರು ಕೊರತೆ ನೋಡಿ ಬರೆದುಕೊಡುವ ಮಾತ್ರೆ ಬೇರೆ ಮಾತು, ಅದನ್ನು ನುಂಗಲೇಬೇಕು. ನಾವು ಹೇಳುತ್ತಿರುವುದು ಭಯಕ್ಕೆ ಕೊಳ್ಳುವ ಬಾಟಲಿಗಳ ಬಗ್ಗೆ.

ಹಾಗಾದರೆ ಕಲಬುರಗಿಯವರೆಲ್ಲ ಗಟ್ಟಿಮುಟ್ಟಾಗಿದ್ದಾರಾ? ಇಲ್ಲ. ಅಲ್ಲಿಯ ಬುಟ್ಟಿ ನೋಡಿ ಬಂದು ಹೊಗಳಿ ಬರೆದು ಸುಮ್ಮನಾದರೆ ಅದು ಅರ್ಧ ಸತ್ಯವಾಗುತ್ತದೆ. ಮದುವೆಯ ಮರುದಿನ ನಾವು ಅಫಜಲಪುರದ ಕಡೆ ಹೋಗಿದ್ದೆವು. ಭೀಮಾ ನದಿಯ ನೀರು ಸಿಗುವ ಕಡೆಯೆಲ್ಲ ಕಬ್ಬು, ಸಿಗದ ಕಡೆ ತೊಗರಿ. ಹೊಲದ ಬದುವಿನ ಮೇಲೆ ಕೂಲಿ ಹೆಂಗಸರು ಬುತ್ತಿ ಬಿಚ್ಚಿ ಕೂತಿದ್ದರು. ರೊಟ್ಟಿ, ಕೆಂಪು ಖಾರ, ಒಬ್ಬೊಬ್ಬರಿಗೆ ಅರ್ಧ ಉಳ್ಳಾಗಡ್ಡಿ. ಜೇವರ್ಗಿಯ ಬುಟ್ಟಿಯ ನೆನಪಿನಲ್ಲಿ ನಾವು ಪೆದ್ದರ ಹಾಗೆ ಕೇಳಿದೆವು, "ಹಸಿ ಸೊಪ್ಪು ಇಲ್ವಾ?" ಅವರಲ್ಲಿ ಹಿರಿಯಾಕೆ ಬದುವಿನ ಕಡೆ ಕೈ ತೋರಿಸಿದರು. "ಮದಲ ಇಲ್ಲೇ ಹತ್ತರಕಿ ಕಿತ್ತು ತಿಂತಿದ್ವಿರಿ. ಈಗ ಕಳೆಗಂತ ಎಣ್ಣಿ ಹೊಡೀತಾರ. ತಿಂದ್ರ ನಾವ ಹೋಗ್ತೀವಿ." ಅಲ್ಲಿ ಎಣ್ಣೆ ಎಂದರೆ ಕಳೆನಾಶಕ, ಕೀಟನಾಶಕ.

ಮೊದಲು ಜೋಳದ, ತೊಗರಿಯ ಸಾಲುಗಳ ನಡುವೆ ಅಕ್ಕಡಿಯಾಗಿ ಪುಂಡಿ, ಅವರೆ, ಅಲಸಂದೆ ಬೆಳೆಯುತ್ತಿದ್ದರಂತೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ತಿನ್ನುವ ಬಜ್ಜಿಯಲ್ಲಿ ಆ ಹೊತ್ತಿಗೆ ಸಿಗುವ ಕಾಳು, ಕಾಯಿ, ಸೊಪ್ಪು ಎಲ್ಲವೂ ಬೀಳುತ್ತವೆ. ಜಾತಿ, ಧರ್ಮ ನೋಡದೆ ನೆರೆಹೊರೆಯವರನ್ನು ಕರೆಯುವ ಊಟ ಅದು. ಹಬ್ಬ ಉಳಿದಿದೆ, ಸೊಪ್ಪು ಮಾತ್ರ ಸಂತೆಯಿಂದ ಬರುತ್ತಿದೆ. ಚಳಿಗಾಲ ಮುಗಿದು ಮಾರ್ಚ್ ಬಂದರೆ ಸಂತೆಯಲ್ಲೂ ಬೆಲೆ ಏರುತ್ತದೆ. ಬುಟ್ಟಿ ತುಂಬ ಹಸಿರು ಇಡುವ ಮನೆ ಬೇಕರಿ ಮಾಲಕರಿಗೆ ಬಾಡಿಗೆ ಕೊಡಬಲ್ಲ ಮನೆ. ಆ ಹಸಿರು ಬೆಳೆಯುವ ಹೊಲದಲ್ಲಿ ಕಳೆ ಕೀಳುವವಳ ಬುತ್ತಿಯಲ್ಲಿ ಅರ್ಧ ಉಳ್ಳಾಗಡ್ಡಿ.

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿದ್ದವು. ರಾಷ್ಟ್ರೀಯ ಕುಟುಂಬ ಆರೋಗ್ಯದ ಐದನೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಜನರಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ. ಹಿಂದಿನ ಸಮೀಕ್ಷೆಗಿಂತ ಎರಡೂ ಅಂಕಿ ಏರಿವೆ, ಇಳಿದಿಲ್ಲ. ಇದು ಇಡೀ ರಾಜ್ಯದ ಲೆಕ್ಕ, ಅಂದರೆ ಅದರಲ್ಲಿ ನಮ್ಮ ಕರಾವಳಿಯ ಮನೆಗಳೂ ಇವೆ.

ರಕ್ತಹೀನತೆಗೂ ಉರಿಯೂತಕ್ಕೂ ಒಂದು ನಂಟಿದೆ, ಇದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಮೈಯಲ್ಲಿ ಆ ಬೂದಿ ಮುಚ್ಚಿದ ಕೆಂಡ ಇದ್ದರೆ ಪಿತ್ತಜನಕಾಂಗ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚು ಬಿಡುತ್ತದೆ. ಅದು ಕರುಳಿನಿಂದ ಕಬ್ಬಿಣಾಂಶ ರಕ್ತಕ್ಕೆ ಬರುವ ಬಾಗಿಲನ್ನು ಮುಚ್ಚುತ್ತದೆ. ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರುತ್ತಿಲ್ಲ ಎನ್ನುವವರಲ್ಲಿ ಕೆಲವರ ಕತೆ ಇದು. ಇನ್ನೊಂದು ಕಡೆ, ಸೊಪ್ಪು ಮತ್ತು ಕಾಳಿನಲ್ಲಿರುವ ಕಬ್ಬಿಣ ಸುಲಭವಾಗಿ ಹೀರಲ್ಪಡುವುದಿಲ್ಲ, ಜೊತೆಗೆ ವಿಟಮಿನ್ ಸಿ ಇದ್ದರೆ ಹೀರುವಿಕೆ ಹೆಚ್ಚುತ್ತದೆ. ಬುಟ್ಟಿಯಲ್ಲಿ ಆ ನಿಂಬೆ ಹೋಳು ಯಾಕಿತ್ತು ಅಂತ ಆಪಾಗೆ ಕೇಳಿದ್ದರೆ "ರುಚಿಗೆ" ಎನ್ನುತ್ತಿದ್ದರು. ಕೆಲಸ ಮಾತ್ರ ಎರಡೂ ಆಗುತ್ತಿತ್ತು. ಊಟ ಮುಗಿಸಿ ಕೈ ಒಣಗುವ ಮೊದಲೇ ನಾವು ಕುಡಿಯುವ ಚಹಾ ಇದಕ್ಕೆ ಸರಿಯಾಗಿ ವಿರುದ್ಧ, ಅದರ ಒಗರು ಕಬ್ಬಿಣವನ್ನು ಹಿಡಿದಿಡುತ್ತದೆ. ಚಹಾ ಬಿಡಿ ಎಂದು ಬ್ಯಾರಿ ಮನೆಗೆ ಹೇಳುವ ಧೈರ್ಯ ನಮಗಿಲ್ಲ. ಒಂದು ಗಂಟೆ ತಡವಾಗಿ ಕುಡಿಯಿರಿ.

ಕಲ್ಯಾಣ ಕರ್ನಾಟಕದ ಮಕ್ಕಳ ಸ್ಥಿತಿ ನೋಡಿಯೇ 2021ರ ಡಿಸೆಂಬರ್‌ನಲ್ಲಿ ಸರಕಾರ ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಈ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡಲು ಶುರು ಮಾಡಿತು. ಆಗ ಎದ್ದ ಗದ್ದಲವೆಲ್ಲ ಮೊಟ್ಟೆಯ ಸುತ್ತ. ಬಾಳೆಹಣ್ಣಿನ ಬಗ್ಗೆ ಯಾರೂ ಮಾತಾಡಲಿಲ್ಲ, ಪರವಾಗಿಯೂ ಇಲ್ಲ, ವಿರೋಧವಾಗಿಯೂ ಇಲ್ಲ. ಮುಂದಿನ ವರ್ಷ ಯೋಜನೆ ರಾಜ್ಯಕ್ಕೆಲ್ಲ ಹರಡಿತು, ಒಳ್ಳೆಯದಾಯಿತು. ಆದರೆ ಮೊಟ್ಟೆಯೋ ಹಣ್ಣೋ ಎಂಬ ಆಯ್ಕೆಯಲ್ಲೇ ಒಂದು ತಪ್ಪು ಇದೆ ಅನ್ನುವುದು ನಮ್ಮ ಅಭಿಪ್ರಾಯ. ಒಂದು ಇನ್ನೊಂದರ ಬದಲಿ ಅಲ್ಲ. ಮೊಟ್ಟೆಯಲ್ಲಿ ನಾರಿಲ್ಲ, ವಿಟಮಿನ್ ಸಿ ಇಲ್ಲ. ಬಾಳೆಹಣ್ಣಿನಲ್ಲಿ ಮೊಟ್ಟೆಯ ಪ್ರೋಟೀನ್ ಇಲ್ಲ. ಮೊಟ್ಟೆ ತಿನ್ನುವ ನಮ್ಮ ಮಕ್ಕಳಿಗೂ ಹಣ್ಣು ಬೇಕು, ಆಳಂದದ ಮಗುವಿಗೂ ಉಳ್ಳಾಲದ ಮಗುವಿಗೂ.

ಎಷ್ಟು ತಿನ್ನಬೇಕು? ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ, ಬಟಾಟೆ, ಗೆಣಸು ಲೆಕ್ಕಕ್ಕಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿ ಇನ್ನೂ ಮುಂದೆ ಹೋಗಿ ತರಕಾರಿಯೇ 400 ಗ್ರಾಂ, ಹಣ್ಣು ಬೇರೆ 100 ಗ್ರಾಂ ಎನ್ನುತ್ತದೆ. ತೂಕ ನೋಡಿ ಗಾಬರಿಯಾಗಬೇಡಿ. ಒಂದು ಕಟ್ಟು ಹರಿವೆ ಬೆಂದರೆ ಒಂದು ಹಿಡಿ. ಒಂದು ಪಲ್ಯ, ಸಾರಿನಲ್ಲಿ ಒಂದು ತರಕಾರಿ, ಹಸಿಯಾಗಿ ಒಂದು ಸೌತೆ, ಸಂಜೆ ಒಂದು ಪೇರಳೆ ಅಥವಾ ಎರಡು ಹೋಳು ಪಪ್ಪಾಯಿ ಸೇರಿದರೆ ಒಬ್ಬರ ಲೆಕ್ಕ ಬಹುತೇಕ ಮುಗಿಯಿತು.

ಮಾಂಸ ಬಿಡಿ ಎಂದು ನಾವು ಹೇಳುವುದಿಲ್ಲ, ಹೇಳಿದರೂ ನೀವು ಕೇಳುವುದಿಲ್ಲ. ಅದಕ್ಕೆ ಆಳಂದದ ಮದುವೆಯ ಊಟ ನೆನಪಿಸುತ್ತೇವೆ. ಲಾಡ್ಲೆ ಮಶಾಯಿಖ್ ದರ್ಗಾದ ಊರು ಅದು, ಅತಿಥಿ ಸತ್ಕಾರಕ್ಕೆ ಕೇಳಬೇಕಾ. ಬಗಾರಾ ಖಾನಾ ಬಡಿಸಿ ಅದರ ಮೇಲೆ ದಾಲ್ಚಾ ಸುರಿದರು. ಮಾಂಸ, ಬೇಳೆ, ದಪ್ಪ ದಪ್ಪ ಸೋರೆಕಾಯಿ ಹೋಳು, ಹುಣಸೆಹುಳಿ. ಆ ಕಡೆಯ ಮುಸ್ಲಿಮರ ಮನೆಗಳಲ್ಲಿ ಪಾಲಕ್ ಜೊತೆ ಮಾಂಸ, ಪುಂಡಿ ಸೊಪ್ಪಿನ ಜೊತೆ ಮಾಂಸ ದಿನನಿತ್ಯದ ಅಡುಗೆ. ಒಂದು ಕಿಲೋ ಮಾಂಸ ಹತ್ತು ಜನರಿಗೆ ಸಾಲುತ್ತದೆ, ತರಕಾರಿ ಅದರೊಳಗೇ ಇಳಿದುಹೋಗುತ್ತದೆ, ಮಕ್ಕಳು ತಕರಾರಿಲ್ಲದೆ ತಿನ್ನುತ್ತಾರೆ. ನಮ್ಮಲ್ಲೂ ಈ ವಿದ್ಯೆ ಇತ್ತು. ಬಸಳೆಗೆ ಮರುವಾಯಿ, ಬಸಳೆಗೆ ಒಣ ಸಿಗಡಿ, ಬಾಳೆದಿಂಡು ಹಾಕಿದ ಕಡಲೆ, ಮಳೆಗಾಲ ಶುರುವಾದ ಕೂಡಲೇ ತಗಟೆ ಸೊಪ್ಪು. ತೆಂಗಿನಕಾಯಿ ಅರೆದು ಹಾಕುವುದರಿಂದ ಸೊಪ್ಪಿನ ಕ್ಯಾರೊಟಿನ್ ಮೈಗೆ ಹತ್ತಲು ಬೇಕಾದ ಕೊಬ್ಬೂ ಸಿಗುತ್ತದೆ. ಗಲ್ಫ್ ದುಡ್ಡು ಬಂದ ಮೇಲೆ ಬಸಳೆ ಚಪ್ಪರ ಇದ್ದ ಜಾಗಕ್ಕೆ ಇಂಟರ್‌ಲಾಕ್ ಬಂತು. ಬಸಳೆ ಬಡವರ ಸಾರು ಅನ್ನಿಸಿಕೊಂಡಿತು.

ಇನ್ನು ನಮ್ಮ ಮದುವೆ ಊಟ. ಗೀ ರೈಸ್, ಬಿರಿಯಾನಿ, ಕೋಳಿ ಎರಡು ಬಗೆ, ಕಬಾಬ್, ಕೊನೆಗೆ ಐಸ್‌ಕ್ರೀಮ್ ಮತ್ತು ಬಣ್ಣದ ಜ್ಯೂಸ್. ಹಣ್ಣನ್ನು ಜ್ಯೂಸ್ ಮಾಡಿ ಸೋಸಿದರೆ ನಾರು ಸೋಸುಗದಲ್ಲಿ ಉಳಿಯುತ್ತದೆ, ಸಕ್ಕರೆ ಲೋಟದಲ್ಲಿ ಉಳಿಯುತ್ತದೆ, ಮೇಲಿಂದ ಇನ್ನೆರಡು ಚಮಚ ಬೀಳುತ್ತದೆ. ರಮಝಾನ್‌ನ ಇಫ್ತಾರಿನಲ್ಲೂ ಹಾಗೇ. ಹಣ್ಣಿನ ತಟ್ಟೆ ಇರುತ್ತದೆ ನಿಜ, ಆದರೆ ಕೈ ಮೊದಲು ಹೋಗುವುದು ಸಮೋಸದ ಕಡೆ, ಹಣ್ಣು ಮೂವತ್ತು ದಿನಕ್ಕೆ ಮಾತ್ರ ಸೀಮಿತ. ಶವ್ವಾಲ್ ಚಂದ್ರ ಕಂಡ ರಾತ್ರಿಗೆ ಹಣ್ಣಿನ ಗಾಡಿಯವನು ನಮಗೆ ಅಪರಿಚಿತ. ಜಮಾಅತ್‌ಗಳು ಮದುವೆಯ ದುಂದುವೆಚ್ಚದ ಬಗ್ಗೆ ನಿರ್ಣಯ ಮಾಡುವಾಗ ಒಂದು ತರಕಾರಿ ಪದಾರ್ಥ, ಒಂದು ಹೋಳು ಮಾಡಿದ ಹಣ್ಣು ಇರಲಿ, ಎರಡನೇ ಕೋಳಿ ಬಿಡಲಿ ಎಂದೂ ಸೇರಿಸಬಾರದೇಕೆ? ಖರ್ಚೂ ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಎಂದು ನಮಗೆ ಕಾಣುವುದು ಬೇರೆಯೇ ಒಂದು. ನಮ್ಮ ಮನೆಗಳಲ್ಲಿ ಉಮ್ಮ ಕೊನೆಗೆ ಊಟ ಮಾಡುತ್ತಾರೆ. ಗಂಡಸರು, ಮಕ್ಕಳು, ನೆಂಟರು ಎಲ್ಲ ಎದ್ದ ಮೇಲೆ. ಆಗ ಪಾತ್ರೆಯ ತಳದಲ್ಲಿ ಸಾರು ಇರುತ್ತದೆ, ಅನ್ನ ಇರುತ್ತದೆ. ಇದ್ದದ್ದೇ ಸ್ವಲ್ಪ ಪಲ್ಯ, ಅದು ಮುಗಿದಿರುತ್ತದೆ. ಹಣ್ಣು ಹೆಚ್ಚಿದವರೂ ಅವರೇ, ಸಿಪ್ಪೆಗೆ ಅಂಟಿದ್ದನ್ನು ತಿಂದವರೂ ಅವರೇ. ರಕ್ತಹೀನತೆಯ ಆ 47.8ರಲ್ಲಿ ಅವರಿದ್ದಾರೆ. ಅಫಜಲಪುರದ ಬದುವಿನ ಮೇಲೆ ಕೂತ ಹೆಂಗಸಿಗೆ ಸೊಪ್ಪು ಸಿಗದಿರುವುದಕ್ಕೆ ಎಣ್ಣಿ, ಕೂಲಿ, ನೀರು ಅಂತ ಕಾರಣಗಳಿವೆ, ಅವು ನಮ್ಮ ಕೈಯಲ್ಲಿಲ್ಲ. ನಮ್ಮ ಮನೆಯ ಉಮ್ಮನಿಗೆ ಸಿಗದಿರುವುದಕ್ಕೆ ಏನು ಕಾರಣ? ಅವರ ಪಾಲನ್ನು ಬೇರೆ ಬಟ್ಟಲಿನಲ್ಲಿ ಮೊದಲೇ ತೆಗೆದು ಮುಚ್ಚಿಡುವುದಕ್ಕೆ ಸರಕಾರಿ ಯೋಜನೆ ಬೇಕಿಲ್ಲ.

ಎರಡು ಎಚ್ಚರಿಕೆ ಹೇಳಲೇಬೇಕು. ಹಸಿಯಾಗಿ ತಿನ್ನುವುದನ್ನು ಹರಿಯುವ ನೀರಿನಲ್ಲಿ ಎಲೆ ಎಲೆ ಬಿಡಿಸಿ ತೊಳೆಯಿರಿ, ಗರ್ಭಿಣಿಯರ ವಿಷಯದಲ್ಲಂತೂ ಇನ್ನೂ ಜಾಗ್ರತೆ. ಕಿಡ್ನಿ ತೊಂದರೆ ಇರುವವರಿಗೆ ಕೆಲವು ಹಣ್ಣು, ಸೊಪ್ಪಿನ ಪೊಟ್ಯಾಸಿಯಂ ಅಪಾಯ ಆಗಬಹುದು, ರಕ್ತ ತೆಳುವಾಗಲು ವಾರ್ಫರಿನ್ ನುಂಗುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಏರಿಸಬಾರದು. ಅಂಥವರು ವೈದ್ಯರನ್ನು ಕೇಳಿಯೇ ಶುರು ಮಾಡಲಿ. ನಡೆಯುತ್ತಿರುವ ಮಾತ್ರೆ ಯಾವುದನ್ನೂ ಸೊಪ್ಪಿನ ಭರವಸೆಯಲ್ಲಿ ನಿಲ್ಲಿಸಬೇಡಿ.

ಜೇವರ್ಗಿಯ ಆಪಾ ಹೊರಡುವಾಗ ಕಾಗದದ ಪೊಟ್ಟಣದಲ್ಲಿ ಪುಂಡಿ ಬೀಜ ಕಟ್ಟಿಕೊಟ್ಟಿದ್ದರು. ಜೂನ್ ಮೊದಲ ವಾರ ಅಂಗಳದಲ್ಲಿ ಬಿತ್ತಿದೆವು. ನಮ್ಮ ಮಳೆ ಅದಕ್ಕೆ ಗೊತ್ತಿರಲಿಲ್ಲ, ಎರಡೇ ವಾರದಲ್ಲಿ ಸಸಿಯೆಲ್ಲ ಕೊಳೆಯಿತು. ಫೋನ್ ಮಾಡಿದರೆ ಆಪಾ ನಕ್ಕರು, "ಅದು ನೀರಿಗೆ ಹುಟ್ಟಿದ್ದಲ್ರಿ" ಅಂದರು. ಉಳಿದಿದ್ದ ಬೀಜವನ್ನು ತಾರಸಿಯ ಶೀಟಿನ ಕೆಳಗೆ ಎರಡು ಸಿಮೆಂಟ್ ಚೀಲದಲ್ಲಿ ಹಾಕಿದೆವು. ಅವು ಬಂದಿವೆ, ಮೊಣಕಾಲೆತ್ತರ. ಮೊದಲ ಕೊಯ್ಲಿನ ಸೊಪ್ಪಿಗೆ ಉಮ್ಮ ತೆಂಗಿನಕಾಯಿ ಅರೆದು ಒಣ ಸಿಗಡಿ ಹಾಕಿದರು. ಆಡಾ ಎಂದು ಕೇಳಿದ್ದ ಹುಡುಗ ಎರಡು ಸಲ ಬಡಿಸಿಕೊಂಡ. ಅಷ್ಟರಲ್ಲಿ ಪಾತ್ರೆ ಖಾಲಿಯಾಗುವುದರಲ್ಲಿತ್ತು, ಉಮ್ಮನ ಬಟ್ಟಲನ್ನು ನಾವು ಮೊದಲೇ ತೆಗೆದಿಟ್ಟಿದ್ದೆವು.